ವೃತ್ತಿಶಿಕ್ಷಣ ಪ್ರವೇಶ ಪರೀಕ್ಷೆಗಳನ್ನು ಮತ್ತೆ ಬರೆಯುವ ಅಭ್ಯರ್ಥಿಗಳಿಗೆ ಮಾಹಿತಿ: ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳು

ದ್ವಿತೀಯ ಪಿಯುಸಿ ಉತ್ತೀರ್ಣರಾಗಿ, ಸಿಇಟಿ, ನೀಟ್ ಅಥವಾ ಜೆಇಇ ಪರೀಕ್ಷೆಯನ್ನು ಒಮ್ಮೆ ಬರೆದು, ದೊರೆತ ಅಂಕ ಸಾಲದೆಂಬ ಕಾರಣಕ್ಕೆ ಮುಂದಿನ ವರ್ಷ ಅದೇ ಪರೀಕ್ಷೆಗೆ ಮರಳಿ ಹಾಜರಾಗುವವರನ್ನು ಪುನರಾವರ್ತಿತ ಅಭ್ಯರ್ಥಿಗಳು ಎಂದು ಕರೆಯಲಾಗುತ್ತದೆ. ಆಡುಮಾತಿನಲ್ಲಿ ಇವರು ರಿಪೀಟರ್‌ಗಳು. ಮನೆಯಲ್ಲಿ ಕಳೆಯುವ ಆ ವರ್ಷಕ್ಕೆ ‘ಡ್ರಾಪ್’ ಎಂಬ ಹೆಸರು ರೂಢಿಯಲ್ಲಿದೆ. ಪೂರ್ಣಾಂಕವನ್ನು ಅಥವಾ ಅದಕ್ಕೆ ಅತಿ ಸಮೀಪದ ಅಂಕವನ್ನು ಪಡೆಯಲೇಬೇಕೆಂಬ ಉದ್ದೇಶದಿಂದ ಒಂದು ವರ್ಷವನ್ನು, ಕೆಲವೊಮ್ಮೆ ಎರಡು ಮೂರು ವರ್ಷಗಳನ್ನು, ಮೀಸಲಿಡುವ ಕುಟುಂಬಗಳು ಈ ಐದು ತಾಲ್ಲೂಕುಗಳಲ್ಲಿಯೂ ಇವೆ. ಅಂತಹ ಅಭ್ಯರ್ಥಿಗಳ ಮತ್ತು ಅವರ ಪೋಷಕರ ಅವಗಾಹನೆಗಾಗಿ ಈ ಕೆಳಗಿನ ಮಾಹಿತಿಯನ್ನು ನೀಡಲಾಗಿದೆ.

ಮೊದಲಿಗೆ ತಿಳಿಯಬೇಕಾದ ಅಂಶವೇನೆಂದರೆ, ಮೇಲೆ ಹೇಳಿದ ಮೂರು ಪರೀಕ್ಷೆಗಳೂ ಪುನರಾವರ್ತಿತ ಅಭ್ಯರ್ಥಿಯನ್ನು ಒಂದೇ ರೀತಿಯಲ್ಲಿ ಪರಿಗಣಿಸುವುದಿಲ್ಲ. ಒಂದರಲ್ಲಿ ಪಿಯುಸಿ ಅಂಕಗಳಿಗೆ ಅರ್ಧ ಪಾಲು ಇದೆ. ಇನ್ನೊಂದರಲ್ಲಿ ಅವುಗಳಿಗೆ ಪಾಲೇ ಇಲ್ಲ. ಮತ್ತೊಂದರಲ್ಲಿ ಎಷ್ಟು ಬಾರಿ ಬರೆಯಬಹುದೆಂಬುದಕ್ಕೆ ಮಿತಿ ಇದೆ. ಆದ್ದರಿಂದ ‘ಇನ್ನೊಂದು ವರ್ಷ ಓದಿದರೆ ಅಂಕ ಹೆಚ್ಚುತ್ತದೆ’ ಎಂಬ ಸಾಮಾನ್ಯ ಮಾತಿಗಿಂತ, ಯಾವ ಅಂಕ ಹೆಚ್ಚಬಲ್ಲದು, ಯಾವುದು ಹಿಂದಿನ ವರ್ಷವೇ ನಿಗದಿಯಾಗಿ ಹೋಗಿದೆ ಎಂಬುದನ್ನು ನೋಡುವುದು ಅವಶ್ಯಕ.

ಸಾಮಾನ್ಯ ಪ್ರವೇಶ ಪರೀಕ್ಷೆ (ಸಿಇಟಿ)

ರಾಜ್ಯದಲ್ಲಿ ಸಿಇಟಿ ವ್ಯವಸ್ಥೆಯು 1994ರಿಂದ ಜಾರಿಯಲ್ಲಿದೆ. ಪ್ರಸ್ತುತ ಇದನ್ನು ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ನಡೆಸುತ್ತದೆ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಮತ್ತು ಜೀವಶಾಸ್ತ್ರ ಪ್ರತಿಯೊಂದು ವಿಷಯಕ್ಕೂ 60 ಪ್ರಶ್ನೆ, 60 ಅಂಕ. ತಪ್ಪು ಉತ್ತರಕ್ಕೆ ಅಂಕ ಕಳೆಯುವ ಪದ್ಧತಿ ಇಲ್ಲ. ಪರೀಕ್ಷೆಯನ್ನು ಎಷ್ಟು ಬಾರಿ ಬರೆಯಬಹುದೆಂಬ ಮಿತಿಯೂ ಇಲ್ಲ. ಆದರೆ ಹಿಂದಿನ ವರ್ಷದ ಸಿಇಟಿ ಅಂಕವಾಗಲಿ ರ‍್ಯಾಂಕ್ ಆಗಲಿ ಮುಂದಿನ ವರ್ಷಕ್ಕೆ ಬರುವುದಿಲ್ಲ. ಪ್ರತಿ ವರ್ಷವೂ ಹೊಸದಾಗಿ ಅರ್ಜಿ ಸಲ್ಲಿಸಿ, ಶುಲ್ಕ ಪಾವತಿಸಿ, ಪರೀಕ್ಷೆ ಬರೆಯತಕ್ಕದ್ದು.

ಎಂಜಿನಿಯರಿಂಗ್ ರ‍್ಯಾಂಕ್ ನಿಗದಿಪಡಿಸುವಾಗ ಭೌತಶಾಸ್ತ್ರ, ರಸಾಯನಶಾಸ್ತ್ರ ಮತ್ತು ಗಣಿತದಲ್ಲಿ ಅಭ್ಯರ್ಥಿಯು ಪಿಯುಸಿಯಲ್ಲಿ ಪಡೆದ ಅಂಕಗಳಿಗೆ ಶೇಕಡಾ 50, ಅದೇ ವಿಷಯಗಳ ಸಿಇಟಿ ಅಂಕಗಳಿಗೆ ಶೇಕಡಾ 50 ಮಹತ್ವ ನೀಡಲಾಗುತ್ತದೆ. ಪೂರ್ಣಾಂಕದ ಆಸೆಯಿಂದ ಸಿಇಟಿಯನ್ನು ಮತ್ತೆ ಬರೆಯುವವರು ಈ ನಿಯಮದ ಲೆಕ್ಕವನ್ನು ಕಾಗದದ ಮೇಲೆ ಒಮ್ಮೆ ಮಾಡಿ ನೋಡುವುದು ಒಳಿತು. ಉದಾಹರಣೆಗೆ, ಒಬ್ಬ ಅಭ್ಯರ್ಥಿಗೆ ಪಿಯುಸಿಯ ಮೂರು ವಿಷಯಗಳಲ್ಲಿ 300ಕ್ಕೆ 240 ಹಾಗೂ ಸಿಇಟಿಯಲ್ಲಿ 180ಕ್ಕೆ 81 ಅಂಕ ಬಂದಿದೆ ಎಂದಿಟ್ಟುಕೊಳ್ಳೋಣ. ಪಿಯುಸಿಯಿಂದ 40, ಸಿಇಟಿಯಿಂದ 22.5, ಒಟ್ಟು 100ಕ್ಕೆ 62.5. ಮರುವರ್ಷ ಸಿಇಟಿಯಲ್ಲಿ 108 ಅಂಕ ಪಡೆದರೆ ಒಟ್ಟು 70 ಆಗುತ್ತದೆ. ಇದು ಗಣನೀಯ ಏರಿಕೆಯೇ ಸರಿ. ಆದರೆ ಅದೇ ಅಭ್ಯರ್ಥಿಯು 180ಕ್ಕೆ 180 ಪಡೆದರೂ ಒಟ್ಟು 90ನ್ನು ದಾಟಲು ಸಾಧ್ಯವಿಲ್ಲ. ಪಿಯುಸಿಯಲ್ಲಿ 294 ಮತ್ತು ಸಿಇಟಿಯಲ್ಲಿ 150 ಅಂಕ ಪಡೆದವನ ಒಟ್ಟು 90.67. ಅಂದರೆ ಸಿಇಟಿಯಲ್ಲಿ ಒಂದೂ ಪ್ರಶ್ನೆ ತಪ್ಪದವನು, 30 ಪ್ರಶ್ನೆ ತಪ್ಪಿದವನ ಹಿಂದೆ ನಿಲ್ಲುತ್ತಾನೆ.

ಇನ್ನೊಂದು ಬಗೆಯಲ್ಲಿ ಹೇಳುವುದಾದರೆ, ಸಿಇಟಿಯಲ್ಲಿ 10 ಅಂಕ ಹೆಚ್ಚಿದರೆ ಒಟ್ಟಿಗೆ ಸೇರುವುದು ಸುಮಾರು 2.8, ಪಿಯುಸಿಯಲ್ಲಿ 10 ಅಂಕ ಹೆಚ್ಚಿದರೆ ಸೇರುವುದು ಸುಮಾರು 1.7. ಪಿಯುಸಿಯಲ್ಲಿ ಶೇಕಡಾ 95ರ ಮೇಲೆ ಇದ್ದು ಸಿಇಟಿಯಲ್ಲಿ ಮಾತ್ರ ಹಿಂದುಳಿದವರಿಗೆ ಒಂದು ವರ್ಷದ ಶ್ರಮ ಫಲ ಕೊಡುವ ಸಂಭವ ಹೆಚ್ಚು. ಎರಡರಲ್ಲಿಯೂ ಮಧ್ಯಮವಾಗಿರುವವರು ಸಿಇಟಿಯನ್ನಷ್ಟೇ ಮತ್ತೆ ಬರೆದರೆ ಅರ್ಧ ಭಾರವನ್ನು ಹಾಗೆಯೇ ಹೊತ್ತು ನಡೆದಂತೆ.

ಪಿಯುಸಿ ಅಂಕ ಹೆಚ್ಚಿಸಿಕೊಳ್ಳಲು ದಾರಿ ಇಲ್ಲದಿಲ್ಲ. ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯು 2024ರಲ್ಲಿ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಬಾರಿ ದ್ವಿತೀಯ ಪಿಯುಸಿ ಪರೀಕ್ಷೆ ನಡೆಸುವ ಪದ್ಧತಿಯನ್ನು ಜಾರಿಗೆ ತಂದಿತು. ಉತ್ತೀರ್ಣರಾದವರೂ ಅಂಕ ಹೆಚ್ಚಿಸಿಕೊಳ್ಳಲು ಮತ್ತೆ ಬರೆಯಬಹುದು. ಬರೆದವುಗಳಲ್ಲಿ ಹೆಚ್ಚಿನ ಅಂಕ ಉಳಿಯುತ್ತದೆ. ಆ ವರ್ಷದ ಪರೀಕ್ಷೆಗಳ ಸಂಖ್ಯೆ, ಹಿಂದಿನ ಸಾಲಿನಲ್ಲಿ ಉತ್ತೀರ್ಣರಾದವರಿಗೆ ಇರುವ ಅವಕಾಶ, ಮತ್ತು ಯಾವ ಪರೀಕ್ಷೆಯ ಅಂಕವನ್ನು ಯಾವ ದಿನಾಂಕದೊಳಗೆ ಸಿಇಟಿ ರ‍್ಯಾಂಕ್‌ಗೆ ಪರಿಗಣಿಸಲಾಗುವುದು ಎಂಬ ವಿಷಯಗಳನ್ನು ಮಂಡಳಿಯ ವೇಳಾಪಟ್ಟಿ ಹಾಗೂ ಪ್ರಾಧಿಕಾರದ ಆ ಸಾಲಿನ ಅಧಿಸೂಚನೆಯಿಂದ ತಿಳಿಯತಕ್ಕದ್ದು. ಈ ಬಗ್ಗೆ ತಾವು ಓದಿದ ಕಾಲೇಜಿನ ಪ್ರಾಂಶುಪಾಲರನ್ನು ಅಥವಾ ಚಿಕ್ಕೋಡಿಯಲ್ಲಿರುವ ಪದವಿ ಪೂರ್ವ ಶಿಕ್ಷಣದ ಉಪನಿರ್ದೇಶಕರ ಕಚೇರಿಯನ್ನು ವಿಚಾರಿಸಬಹುದು. ಬೆಳಗಾವಿ ಕಂದಾಯ ಜಿಲ್ಲೆಯ ಒಳಗಿದ್ದರೂ ಚಿಕ್ಕೋಡಿಯು ಪ್ರತ್ಯೇಕ ಶೈಕ್ಷಣಿಕ ಜಿಲ್ಲೆ. ಈ ಐದೂ ತಾಲ್ಲೂಕುಗಳು ಅದರ ವ್ಯಾಪ್ತಿಗೆ ಬರುತ್ತವೆ.

2022ನೇ ಸಾಲಿನ ಪ್ರಕರಣ

ಪುನರಾವರ್ತಿತ ಅಭ್ಯರ್ಥಿಗಳ ವಿಷಯದಲ್ಲಿ ರಾಜ್ಯದಲ್ಲಿ ನಡೆದ ಅತಿ ದೊಡ್ಡ ವಿವಾದ 2022ರದು. ನಿಯಮಗಳು ಹೇಗೆ ಕೆಲಸ ಮಾಡುತ್ತವೆ ಎಂಬುದನ್ನು ತಿಳಿಯಲು ಅದನ್ನು ಸವಿವರವಾಗಿ ನೋಡುವುದು ಉಪಯುಕ್ತ.

ಕೋವಿಡ್ ಎರಡನೆಯ ಅಲೆಯ ಕಾರಣ 2021ರಲ್ಲಿ ದ್ವಿತೀಯ ಪಿಯುಸಿ ಪರೀಕ್ಷೆ ರದ್ದಾಯಿತು. ಎಸ್ಸೆಸ್ಸೆಲ್ಸಿ ಅಂಕಗಳಿಗೆ ಶೇಕಡಾ 45, ಪ್ರಥಮ ಪಿಯುಸಿ ಅಂಕಗಳಿಗೆ ಶೇಕಡಾ 45, ಆಂತರಿಕ ಮೌಲ್ಯಮಾಪನಕ್ಕೆ ಶೇಕಡಾ 10 ಎಂಬ ಸೂತ್ರದಂತೆ 2021ರ ಜುಲೈ 20ರಂದು ಫಲಿತಾಂಶ ಪ್ರಕಟಿಸಲಾಯಿತು. ಆರೂವರೆ ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳೆಲ್ಲರೂ ತೇರ್ಗಡೆಯಾದರು. 2,239 ಮಂದಿಗೆ 600ಕ್ಕೆ 600 ಅಂಕ ಬಂದಿತು. ಪರೀಕ್ಷೆ ಎಂದಿನಂತೆ ನಡೆದ 2022ರಲ್ಲಿ ವಿಜ್ಞಾನ ವಿಭಾಗದ ಅತ್ಯಧಿಕ ಅಂಕ 598 ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಈ ಕಾರಣದಿಂದಲೇ ಸರ್ಕಾರವು 2021ರ ಸಿಇಟಿ ರ‍್ಯಾಂಕ್‌ಗೆ ಪಿಯುಸಿ ಅಂಕವನ್ನು ಬಿಟ್ಟು, ಸಿಇಟಿ ಅಂಕವನ್ನು ಮಾತ್ರ ಆಧಾರವಾಗಿ ತೆಗೆದುಕೊಂಡಿತು.

2022ರಲ್ಲಿ 50:50ರ ಪದ್ಧತಿ ಮರಳಿತು. ಆ ವರ್ಷ 2021ರ ಸಾಲಿನ ಸುಮಾರು 24,000 ಮಂದಿ ಸಿಇಟಿಯನ್ನು ಮತ್ತೆ ಬರೆದಿದ್ದರು. ತಮ್ಮ ಪಿಯುಸಿ ಅಂಕವೂ ಅರ್ಧ ಪಾಲಿಗೆ ಬರುತ್ತದೆಂದು ಅವರು ನಂಬಿದ್ದರು. ಆದರೆ 2022ರ ಜುಲೈ 30ರಂದು ರ‍್ಯಾಂಕ್ ಪ್ರಕಟವಾದಾಗ ಅವರ ಪಿಯುಸಿ ಅಂಕಗಳನ್ನು ಪರಿಗಣಿಸಿರಲಿಲ್ಲ. ಹಿಂದಿನ ವರ್ಷಕ್ಕಿಂತ ಹೆಚ್ಚು ಸಿಇಟಿ ಅಂಕ ಗಳಿಸಿದವರ ರ‍್ಯಾಂಕ್ ಸಹ ಕೆಳಗೆ ಹೋಯಿತು. ಪ್ರಾಧಿಕಾರದ ಕಚೇರಿಯ ಮುಂದೆ ಪೋಷಕರು ಸೇರಿದರು. ವಿಷಯ ಉಚ್ಚ ನ್ಯಾಯಾಲಯಕ್ಕೆ ಹೋಯಿತು.

ಇಲ್ಲಿ ಎರಡೂ ಕಡೆ ನ್ಯಾಯದ ಮಾತಿತ್ತೆಂಬುದನ್ನು ಒಪ್ಪಬೇಕು. ಪರೀಕ್ಷೆ ಬರೆಯದೆ ಬಂದ ಪೂರ್ಣಾಂಕವನ್ನು, ಪರೀಕ್ಷೆ ಬರೆದು ಗಳಿಸಿದ ಅಂಕದೊಂದಿಗೆ ಸಮವಾಗಿ ತೂಗಿದರೆ 2022ರಲ್ಲಿ ಹೊಸದಾಗಿ ತೇರ್ಗಡೆಯಾದವರಿಗೆ ಅನ್ಯಾಯವಾಗುತ್ತದೆಂಬುದು ಸರ್ಕಾರದ ವಾದ. ಪರೀಕ್ಷೆ ರದ್ದಾದದ್ದು ತಮ್ಮ ತಪ್ಪಲ್ಲ, 2021ರ ಆದೇಶ ಆ ಒಂದು ವರ್ಷಕ್ಕೆ ಸೀಮಿತವಾದುದು, ಒಂದೇ ಸಾಲಿನ ಸೀಟುಗಳಿಗೆ ಎರಡು ಅಳತೆ ಇರಕೂಡದು ಎಂಬುದು ಅಭ್ಯರ್ಥಿಗಳ ವಾದ. ಸರ್ಕಾರಿ ಸೀಟುಗಳ ಆಯ್ಕೆಗೆ ಸಂಬಂಧಿಸಿದ 2006ರ ನಿಯಮಗಳು 50:50 ಎಂದೇ ಹೇಳುತ್ತವೆ. ಏಕಸದಸ್ಯ ಪೀಠವು 2022ರ ಸೆಪ್ಟೆಂಬರ್ 3ರಂದು ಪ್ರಾಧಿಕಾರದ ಜುಲೈ 30ರ ಟಿಪ್ಪಣಿಯನ್ನು ರದ್ದುಪಡಿಸಿ, ಪಿಯುಸಿ ಅಂಕ ಸೇರಿಸಿ ರ‍್ಯಾಂಕ್ ನೀಡುವಂತೆ ಆದೇಶಿಸಿತು. ಸರ್ಕಾರ ಮೇಲ್ಮನವಿ ಸಲ್ಲಿಸಿತು. ಕೊನೆಗೆ ಸೆಪ್ಟೆಂಬರ್ 22ರಂದು ವಿಭಾಗೀಯ ಪೀಠವು, 2021ರ ಸಾಲಿನವರ ಪಿಯುಸಿ ಅಂಕಗಳಲ್ಲಿ ಸರಾಸರಿ ಶೇಕಡಾ 6ರಷ್ಟನ್ನು ಕಡಿತಗೊಳಿಸಿ ಉಳಿದುದನ್ನು ಪರಿಗಣಿಸುವ ಮಧ್ಯಮ ಸೂತ್ರವನ್ನು ಅಂಗೀಕರಿಸಿತು. ಪರಿಷ್ಕೃತ ರ‍್ಯಾಂಕ್ ಪಟ್ಟಿ ಅಕ್ಟೋಬರ್ ಆರಂಭದಲ್ಲಿ ಹೊರಬಂದಿತು.

ಲೆಕ್ಕ ಹಾಕಿದರೆ, ಪಿಯುಸಿಯಲ್ಲಿ 300ಕ್ಕೆ 300 ಇದ್ದವರಿಗೆ ಈ ಸೂತ್ರದಿಂದ ಉಳಿದದ್ದು ಸುಮಾರು 282. ಒಟ್ಟು 100ರಲ್ಲಿ ಕಡಿಮೆಯಾದದ್ದು ಸುಮಾರು 3. ಸಿಇಟಿಯಲ್ಲಿ ಅದನ್ನು ತುಂಬಿಕೊಳ್ಳಲು 11 ಪ್ರಶ್ನೆಗಳಿಗೆ ಹೆಚ್ಚಾಗಿ ಸರಿಯುತ್ತರ ಬೇಕು. ಜುಲೈ ಕೊನೆಯಿಂದ ಅಕ್ಟೋಬರ್‌ವರೆಗೆ ಹಳೆಯ ಮತ್ತು ಹೊಸ ಎರಡೂ ಸಾಲಿನ ವಿದ್ಯಾರ್ಥಿಗಳು ಸೀಟು ಎಲ್ಲಿ ಎಂದು ತಿಳಿಯದೆ ಕಾದರು. ಇಂತಹ ಸಂದರ್ಭ ಅಪರೂಪದ್ದು. ಪ್ರತಿ ವರ್ಷ ಬರುವಂತಹುದಲ್ಲ. ಆದರೂ ಮತ್ತೆ ಬರೆಯುವ ಅಭ್ಯರ್ಥಿಯ ಕೈಯಲ್ಲಿರುವ ಹಳೆಯ ಅಂಕಪಟ್ಟಿಯು ಹೊಸ ಸಾಲಿನ ನಿಯಮದಂತೆ ತೂಗಲ್ಪಡುತ್ತದೆ ಎಂಬುದಕ್ಕೆ ಇದು ನಿದರ್ಶನ.

ಸಿಇಟಿಯ ಪೂರ್ಣಾಂಕವೂ ಸದಾ ಒಂದೇ ಆಗಿರುವುದಿಲ್ಲ. 2024ರ ಏಪ್ರಿಲ್ 18 ಮತ್ತು 19ರಂದು ನಡೆದ ಪರೀಕ್ಷೆಯಲ್ಲಿ ಪಠ್ಯಕ್ರಮದ ಹೊರಗಿನ ಪ್ರಶ್ನೆಗಳಿವೆ ಎಂಬ ಆಕ್ಷೇಪ ಬಂದು, ನಾಲ್ಕು ವಿಷಯಗಳಿಂದ ಒಟ್ಟು 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಕೈಬಿಡಲಾಯಿತು. ಆ ವರ್ಷದ ಅಂಕವನ್ನು ಬೇರೆ ವರ್ಷದ ಅಂಕದೊಂದಿಗೆ ನೇರವಾಗಿ ಹೋಲಿಸುವುದು ಸರಿಯಾಗದು.

ನೀಟ್

ವೈದ್ಯಕೀಯ, ದಂತವೈದ್ಯಕೀಯ ಮತ್ತು ಆಯುಷ್ ಪದವಿ ಕೋರ್ಸುಗಳಿಗೆ ನೀಟ್ ಅಂಕವೇ ಆಧಾರ. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ ಮತ್ತು ಜೀವಶಾಸ್ತ್ರದಲ್ಲಿ ಸಾಮಾನ್ಯ ವರ್ಗದವರಿಗೆ ಒಟ್ಟು ಶೇಕಡಾ 50, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಹಾಗೂ ಇತರೆ ಹಿಂದುಳಿದ ವರ್ಗದವರಿಗೆ ಶೇಕಡಾ 40 ಇದ್ದರೆ ಅರ್ಹತೆ ದೊರೆಯುತ್ತದೆ. ಅದಕ್ಕಿಂತ ಹೆಚ್ಚಿನ ಪಿಯುಸಿ ಅಂಕಕ್ಕೆ ರ‍್ಯಾಂಕ್‌ನಲ್ಲಿ ಪ್ರತ್ಯೇಕ ಬೆಲೆ ಇಲ್ಲ. ಬರೆಯುವ ಸಂಖ್ಯೆಗೆ ಮಿತಿ ಇಲ್ಲ. ಗರಿಷ್ಠ ವಯೋಮಿತಿಯನ್ನು 2022ರಲ್ಲಿ ತೆಗೆದುಹಾಕಲಾಗಿದೆ. ಈ ಎಲ್ಲ ಕಾರಣಗಳಿಂದ ಮರಳಿ ಮರಳಿ ಬರೆಯುವವರ ಸಂಖ್ಯೆ ನೀಟ್‌ನಲ್ಲಿಯೇ ಹೆಚ್ಚಾಗಿ ಕಂಡುಬರುತ್ತದೆ.

ಒಟ್ಟು 720 ಅಂಕಗಳಿಗೆ ಪರೀಕ್ಷೆ. ಸರಿಯುತ್ತರಕ್ಕೆ 4 ಅಂಕ, ತಪ್ಪುತ್ತರಕ್ಕೆ 1 ಅಂಕ ಕಡಿತ. ಒಂದು ಪ್ರಶ್ನೆ ಬಿಟ್ಟರೆ 716, ಒಂದು ತಪ್ಪಿದರೆ 715. ಇವುಗಳ ಮೇಲೆ 720 ಮಾತ್ರ. 2024ರಲ್ಲಿ ಕೆಲವರಿಗೆ 718, 719 ಅಂಕ ಬಂದಾಗ ಸಾರ್ವಜನಿಕರು ಪ್ರಶ್ನಿಸಿದ್ದು ಈ ಸರಳ ಲೆಕ್ಕದಿಂದಲೇ. ಸಮಯ ನಷ್ಟವಾಯಿತೆಂದು 1,563 ಮಂದಿಗೆ ಕೃಪಾಂಕ ನೀಡಲಾಗಿತ್ತು. ಅದನ್ನು ಹಿಂಪಡೆದು ಜೂನ್ 23ರಂದು ಮರುಪರೀಕ್ಷೆ ನಡೆಸಲಾಯಿತು, 813 ಮಂದಿ ಹಾಜರಾದರು. ಮೊದಲು 67 ಮಂದಿಗೆ 720 ಎಂದು ಪ್ರಕಟವಾಗಿತ್ತು. ಭೌತಶಾಸ್ತ್ರದ ಒಂದು ಪ್ರಶ್ನೆಗೆ ಎರಡು ಉತ್ತರಗಳನ್ನು ಸರಿ ಎಂದು ಒಪ್ಪಿದ್ದನ್ನು ಸುಪ್ರೀಂ ಕೋರ್ಟ್ ವಿಚಾರಣೆಯ ನಂತರ ಒಂದೇ ಉತ್ತರಕ್ಕೆ ಇಳಿಸಿದಾಗ ನಾಲ್ಕು ಲಕ್ಷಕ್ಕೂ ಹೆಚ್ಚು ಅಭ್ಯರ್ಥಿಗಳ ಅಂಕ 5ರಷ್ಟು ಕಡಿಮೆಯಾಯಿತು. ಪೂರ್ಣಾಂಕ ಪಡೆದವರು ಅಂತಿಮವಾಗಿ 17 ಮಂದಿ ಉಳಿದರು.

ಹಾಗಾದರೆ ಪೂರ್ಣಾಂಕದ ಬೆಲೆ ಎಷ್ಟು? 2020ರಲ್ಲಿ ಇಬ್ಬರು, 2021ರಲ್ಲಿ ಮೂವರು 720 ಪಡೆದರು. 2022ರಲ್ಲಿ ಯಾರೂ ಪಡೆಯಲಿಲ್ಲ, ಅತ್ಯಧಿಕ 715. 2023ರಲ್ಲಿ ಇಬ್ಬರು. 2025ರಲ್ಲಿ ಪ್ರಶ್ನೆಪತ್ರಿಕೆ ಕಠಿಣವಾಗಿದ್ದು ದೇಶದ ಪ್ರಥಮ ಸ್ಥಾನವೇ 686 ಅಂಕಕ್ಕೆ ದೊರೆಯಿತು. ಹಿಂದಿನ ವರ್ಷ 650 ಅಂಕಕ್ಕೆ ಇಂತಹ ಕಾಲೇಜು ಸಿಕ್ಕಿತ್ತು, ಆದ್ದರಿಂದ ಈ ಬಾರಿ 670 ಬೇಕೇ ಬೇಕು ಎಂದು ಗುರಿ ಹಾಕಿಕೊಂಡ ಅಭ್ಯರ್ಥಿಯು ಅಂಕಕ್ಕಿಂತ ರ‍್ಯಾಂಕ್ ಕಡೆಗೆ ಗಮನ ಕೊಡುವುದು ಯುಕ್ತ. ಸೀಟು ಹಂಚಿಕೆಯಾಗುವುದು ರ‍್ಯಾಂಕ್ ಮೇಲೆ. ಬೆಳಗಾವಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಂತಹ ಸರ್ಕಾರಿ ಕಾಲೇಜಿನಲ್ಲಿ ತಮ್ಮ ಪ್ರವರ್ಗದಲ್ಲಿ ಕಳೆದ ಮೂರು ವರ್ಷ ಕೊನೆಯ ಸುತ್ತಿನಲ್ಲಿ ಎಷ್ಟನೆಯ ರ‍್ಯಾಂಕ್‌ವರೆಗೆ ಸೀಟು ದೊರೆತಿದೆ ಎಂಬುದನ್ನು ಪ್ರಾಧಿಕಾರದ ಅಂತರ್ಜಾಲ ತಾಣದಲ್ಲಿ ಪ್ರಕಟವಾಗುವ ಪಟ್ಟಿಗಳಿಂದ ನೋಡಬಹುದು. ಆ ಸಂಖ್ಯೆಗೂ ತಮ್ಮ ರ‍್ಯಾಂಕ್‌ಗೂ ಇರುವ ಅಂತರ ಎಷ್ಟೆಂಬುದರ ಮೇಲೆ ಮತ್ತೊಂದು ವರ್ಷದ ತೀರ್ಮಾನ ನಿಲ್ಲಬೇಕಲ್ಲದೆ, 720ಕ್ಕೂ ತಮ್ಮ ಅಂಕಕ್ಕೂ ಇರುವ ಅಂತರದ ಮೇಲಲ್ಲ.

ನೀಟ್ ಬರೆದ ಮಾತ್ರಕ್ಕೆ ರಾಜ್ಯದ ಸೀಟಿಗೆ ಅರ್ಜಿ ಸಲ್ಲಿಸಿದಂತಾಗುವುದಿಲ್ಲ. ರಾಜ್ಯ ಕೋಟಾದ ಸೀಟುಗಳಿಗಾಗಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರದಲ್ಲಿಯೂ ಆ ಸಾಲಿಗೆ ಪ್ರತ್ಯೇಕವಾಗಿ ನೋಂದಾಯಿಸಿಕೊಳ್ಳತಕ್ಕದ್ದು. ನೀಟ್‌ಗೆ ಸಿದ್ಧರಾಗುವವರು ಸಿಇಟಿಯ ಜೀವಶಾಸ್ತ್ರ ಪತ್ರಿಕೆಯನ್ನೂ ಬರೆಯುವುದು ಒಳಿತು. ಪಶುವೈದ್ಯಕೀಯ, ಕೃಷಿ, ಫಾರ್ಮಸಿ ಮತ್ತು ನರ್ಸಿಂಗ್ ಕೋರ್ಸುಗಳ ದಾರಿ ಅದರಿಂದ ತೆರೆದಿರುತ್ತದೆ.

ಜೆಇಇ

ಜೆಇಇ ಮುಖ್ಯ ಪರೀಕ್ಷೆ 2019ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಬಾರಿ ನಡೆಯುತ್ತಿದೆ. ಬರೆದವುಗಳಲ್ಲಿ ಉತ್ತಮವಾದುದನ್ನು ಪರಿಗಣಿಸಲಾಗುತ್ತದೆ. ಪಿಯುಸಿ ತೇರ್ಗಡೆಯಾದ ವರ್ಷ ಸೇರಿ ಸತತ ಮೂರು ವರ್ಷ ಬರೆಯಲು ಅವಕಾಶ. ಪತ್ರಿಕೆಗಳಲ್ಲಿ ಕಾಣುವ ‘100 ಪರ್ಸೆಂಟೈಲ್’ ಎಂಬುದು 300ಕ್ಕೆ 300 ಅಂಕವೆಂದು ಅನೇಕ ಪೋಷಕರು ಭಾವಿಸುತ್ತಾರೆ. ಹಾಗಲ್ಲ, ತಾನು ಬರೆದ ಪಾಳಿಯಲ್ಲಿ ತನಗಿಂತ ಹೆಚ್ಚು ಅಂಕ ಯಾರಿಗೂ ಬಂದಿಲ್ಲ ಎಂದು ಮಾತ್ರ ಅದರ ಅರ್ಥ. 2024ರಲ್ಲಿ 56 ಮಂದಿ, 2025ರಲ್ಲಿ 24 ಮಂದಿ ಇದನ್ನು ಪಡೆದರು.

ಐಐಟಿಗಳ ಜೆಇಇ ಅಡ್ವಾನ್ಸ್‌ಡ್ ಪರೀಕ್ಷೆಗೆ ಮಿತಿ ಇನ್ನೂ ಬಿಗಿ: ಸತತ ಎರಡು ವರ್ಷಗಳಲ್ಲಿ ಎರಡು ಬಾರಿ ಮಾತ್ರ. 2024ರ ನವೆಂಬರ್ 5ರಂದು ಇದನ್ನು ಮೂರಕ್ಕೆ ಏರಿಸಿ, ನವೆಂಬರ್ 18ರಂದು ಮತ್ತೆ ಎರಡಕ್ಕೆ ಇಳಿಸಲಾಯಿತು. ಆ 13 ದಿನಗಳಲ್ಲಿ ಮೊದಲ ಪ್ರಕಟಣೆಯನ್ನು ನಂಬಿ, ಸೇರಿದ್ದ ಕೋರ್ಸನ್ನು ಬಿಟ್ಟುಬಂದವರೂ ಇದ್ದರು. ಅಂತಹವರಿಗೆ ಮಾತ್ರ ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಅವಕಾಶ ನೀಡಿತು. ಪ್ರಕಟಣೆಯೊಂದನ್ನು ಓದಿದ ದಿನವೇ ಕಾಲೇಜಿನಿಂದ ವರ್ಗಾವಣೆ ಪತ್ರ ತೆಗೆದುಕೊಳ್ಳಬಾರದೆಂದು ಹೇಳಲು ಇದಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ.

ಗಡಿಭಾಗದ ಅಭ್ಯರ್ಥಿಗಳು ಗಮನಿಸತಕ್ಕ ಅಂಶಗಳು

ನಿಪ್ಪಾಣಿಯವರಿಗೆ ಕೊಲ್ಹಾಪುರ, ಕಾಗವಾಡದವರಿಗೆ ಮೀರಜ್ ಮತ್ತು ಸಾಂಗಲಿ, ಬೆಳಗಾವಿಗಿಂತ ಹತ್ತಿರ. ಆದ್ದರಿಂದ ಡ್ರಾಪ್ ವರ್ಷದ ತರಬೇತಿಗೆ ಮಹಾರಾಷ್ಟ್ರದ ಈ ಊರುಗಳಿಗೆ ಅಥವಾ ಲಾತೂರಿಗೆ, ಕೆಲವರು ರಾಜಸ್ಥಾನದ ಕೋಟಾಕ್ಕೆ ಹೋಗುವುದುಂಟು. ತರಬೇತಿ ಎಲ್ಲಿಯೇ ಪಡೆದರೂ ಕರ್ನಾಟಕದ ಸೀಟಿನ ಅರ್ಹತೆಗೆ ಅದರಿಂದ ಬಾಧಕವಿಲ್ಲ. ಆದರೆ ಪರೀಕ್ಷಾ ಕೇಂದ್ರದ ಆಯ್ಕೆಯಲ್ಲಿ ಎಚ್ಚರ ಬೇಕು. ನೀಟ್‌ನಲ್ಲಿ ಕನ್ನಡ ಪ್ರಶ್ನೆಪತ್ರಿಕೆಯು 2017ರಿಂದ ಲಭ್ಯವಿದ್ದು, ಕರ್ನಾಟಕದ ಕೇಂದ್ರಗಳಲ್ಲಿ ಮಾತ್ರ ದೊರೆಯುತ್ತದೆ. ಮರಾಠಿ ಪತ್ರಿಕೆಯು ಮಹಾರಾಷ್ಟ್ರದ ಕೇಂದ್ರಗಳಲ್ಲಿ. ಹತ್ತಿರವೆಂದು ಕೊಲ್ಹಾಪುರ ಕೇಂದ್ರವನ್ನು ಆರಿಸಿಕೊಂಡ ಕನ್ನಡ ಮಾಧ್ಯಮದ ಅಭ್ಯರ್ಥಿಗೆ ಕನ್ನಡ ಪತ್ರಿಕೆ ಸಿಗದು; ಬೆಳಗಾವಿ ಕೇಂದ್ರವನ್ನು ಆರಿಸಿಕೊಂಡ ಮರಾಠಿ ಮಾಧ್ಯಮದವರಿಗೆ ಮರಾಠಿ ಪತ್ರಿಕೆ ಸಿಗದು. ಭಾಷಾಂತರದಲ್ಲಿ ಸಂದೇಹ ಬಂದಲ್ಲಿ ಇಂಗ್ಲಿಷ್ ಪಾಠವೇ ಅಂತಿಮ.

ಸಿಇಟಿ ಮೂಲಕ ಸರ್ಕಾರಿ ಸೀಟು ಕೋರುವವರು ಸಾಮಾನ್ಯವಾಗಿ 1ನೇ ತರಗತಿಯಿಂದ ದ್ವಿತೀಯ ಪಿಯುಸಿವರೆಗೆ ಕನಿಷ್ಠ 7 ಶೈಕ್ಷಣಿಕ ವರ್ಷ ಕರ್ನಾಟಕದಲ್ಲಿ ಓದಿರಬೇಕು ಹಾಗೂ ಎಸ್ಸೆಸ್ಸೆಲ್ಸಿ ಅಥವಾ ದ್ವಿತೀಯ ಪಿಯುಸಿಯನ್ನು ಇಲ್ಲಿಯೇ ಉತ್ತೀರ್ಣರಾಗಿರಬೇಕು. ಎಸ್ಸೆಸ್ಸೆಲ್ಸಿವರೆಗೆ ಇಲ್ಲಿ ಓದಿ, 11 ಮತ್ತು 12ನೇ ತರಗತಿಗಳನ್ನು ಸಾಂಗಲಿ ಅಥವಾ ಕೊಲ್ಹಾಪುರದಲ್ಲಿ ಮುಗಿಸಿದವರು ಹೆಚ್ಚಿನ ಸಂದರ್ಭಗಳಲ್ಲಿ ಅರ್ಹರಾಗಿಯೇ ಇರುತ್ತಾರೆ. ತರಬೇತಿಯಲ್ಲಿ ಕಳೆದ ಡ್ರಾಪ್ ವರ್ಷವು ವ್ಯಾಸಂಗದ ವರ್ಷವೆಂದು ಎಣಿಕೆಗೆ ಬರುವುದಿಲ್ಲ. ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ಮೀಸಲಾತಿಗೆ 1ರಿಂದ 10ನೇ ತರಗತಿವರೆಗಿನ ಹತ್ತೂ ವರ್ಷಗಳ ದಾಖಲೆ ಬೇಕು. ವ್ಯಾಸಂಗ ಪ್ರಮಾಣಪತ್ರಗಳಿಗೆ ಮೇಲುರುಜು ಬೇಕಾದಲ್ಲಿ ಸಂಬಂಧಪಟ್ಟ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯನ್ನು ಸಂಪರ್ಕಿಸುವುದು. 371(ಜೆ) ಮೀಸಲಾತಿಯು ಬೆಳಗಾವಿ ಜಿಲ್ಲೆಗೆ ಅನ್ವಯಿಸುವುದಿಲ್ಲ.

ಒಮ್ಮೆ ಸಲ್ಲಿಸಿದ ದಾಖಲೆಯೇ ಮತ್ತೊಮ್ಮೆ ಸಲ್ಲುತ್ತದೆಂದು ಭಾವಿಸುವುದು ಪುನರಾವರ್ತಿತ ಅಭ್ಯರ್ಥಿಗಳಿಗೆ ತೊಂದರೆ ತರಬಲ್ಲದು. ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್.ಡಿ. ಸಂಖ್ಯೆ ಚಾಲ್ತಿಯಲ್ಲಿದೆಯೇ ಎಂಬುದನ್ನು ಅರ್ಜಿಗೆ ಮೊದಲೇ ನಾಡಕಚೇರಿಯಲ್ಲಿ ಪರಿಶೀಲಿಸಿಕೊಳ್ಳತಕ್ಕದ್ದು. ಕೇಂದ್ರದ ಸೀಟುಗಳಿಗೆ ಬೇಕಾದ ಇತರೆ ಹಿಂದುಳಿದ ವರ್ಗ ಹಾಗೂ ಆರ್ಥಿಕವಾಗಿ ದುರ್ಬಲ ವರ್ಗದ ಪ್ರಮಾಣಪತ್ರಗಳನ್ನು ಕೇಂದ್ರದ ನಮೂನೆಯಲ್ಲಿ, ಆಯಾ ಸಾಲಿಗೆ ಹೊಸದಾಗಿ ಪಡೆಯಬೇಕು. ರಾಜ್ಯದ ನಮೂನೆ ಅಲ್ಲಿ ನಡೆಯದು.

ಸೀಟು ಇಟ್ಟುಕೊಂಡು ಬರೆಯುವುದೋ, ಬಿಟ್ಟು ಬರೆಯುವುದೋ

ದೊರೆತ ಸೀಟಿಗೆ ಸೇರಿಕೊಂಡು, ಓದುತ್ತಲೇ ಮತ್ತೆ ಪರೀಕ್ಷೆ ಬರೆಯುವವರೂ ಇದ್ದಾರೆ. ಚಿಕ್ಕೋಡಿ, ನಿಪ್ಪಾಣಿಗಳಲ್ಲಿಯೇ ಎಂಜಿನಿಯರಿಂಗ್ ಕಾಲೇಜುಗಳಿವೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕೇಂದ್ರಸ್ಥಾನವೇ ಬೆಳಗಾವಿಯಲ್ಲಿದೆ. ಹೀಗೆ ಮಾಡುವುದರಿಂದ ವರ್ಷ ಪೂರ್ತಿ ನಷ್ಟವಾಗುವ ಭಯವಿಲ್ಲ, ಆದರೆ ಓದಲು ಸಮಯ ಕಡಿಮೆ. ಮುಂದಿನ ವರ್ಷ ಬೇರೆ ಸೀಟು ದೊರೆತರೆ ಮೊದಲಿನದನ್ನು ನಿಯಮಾನುಸಾರ ರದ್ದುಪಡಿಸಿ, ಮೂಲ ದಾಖಲೆಗಳನ್ನು ಹಿಂಪಡೆಯಬೇಕಾಗುತ್ತದೆ. ಕಾಲೇಜುಗಳು ಮೂಲ ಪ್ರಮಾಣಪತ್ರಗಳನ್ನು ತಮ್ಮಲ್ಲಿ ಇರಿಸಿಕೊಳ್ಳಬಾರದೆಂದು ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2018ರಲ್ಲಿ ಅಧಿಸೂಚನೆ ಹೊರಡಿಸಿದೆ. ಸೀಟು ರದ್ದತಿಯ ಕೊನೆಯ ದಿನಾಂಕ ಮೀರಿದರೆ ಶುಲ್ಕ ಮುಟ್ಟುಗೋಲು ಮತ್ತು ದಂಡದ ಷರತ್ತುಗಳು ಅನ್ವಯಿಸಬಹುದು. ಸೇರುವ ದಿನವೇ ಆ ದಿನಾಂಕವನ್ನು ಬರೆದಿಟ್ಟುಕೊಳ್ಳುವುದು.

ಪೂರ್ತಿ ಬಿಟ್ಟು ಬರೆಯುವವರ ಮುಖ್ಯ ಖರ್ಚು ತರಬೇತಿ ಮತ್ತು ವಸತಿಯದು. ಕಬ್ಬು ಅಥವಾ ತಂಬಾಕಿನ ಹಣ ಕೈಸೇರುವ ಮೊದಲೇ ಸಾಲ ತಂದು ಇಡೀ ವರ್ಷದ ಶುಲ್ಕ ಕಟ್ಟುವ ಕುಟುಂಬಗಳು ಈ ಕೆಳಗಿನದನ್ನು ತಿಳಿದಿರಬೇಕು. ಕೇಂದ್ರ ಶಿಕ್ಷಣ ಸಚಿವಾಲಯವು 2024ರ ಜನವರಿಯಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ ತರಬೇತಿ ಕೇಂದ್ರಗಳು ರ‍್ಯಾಂಕ್ ಅಥವಾ ಉತ್ತಮ ಅಂಕದ ಖಾತರಿ ನೀಡುವಂತಿಲ್ಲ. ಪೂರ್ತಿ ಶುಲ್ಕ ಕಟ್ಟಿದ ವಿದ್ಯಾರ್ಥಿ ನಡುವೆಯೇ ಬಿಟ್ಟರೆ ಉಳಿದ ಅವಧಿಯ ಶುಲ್ಕವನ್ನು 10 ದಿನಗಳೊಳಗೆ ಮರಳಿಸಬೇಕು. ಹಾಸ್ಟೆಲ್ ಮತ್ತು ಊಟದ ಹಣಕ್ಕೂ ಇದೇ ಅನ್ವಯ. 2024ರ ನವೆಂಬರ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ದಾರಿತಪ್ಪಿಸುವ ಜಾಹೀರಾತುಗಳ ವಿರುದ್ಧ ಪ್ರತ್ಯೇಕ ಮಾರ್ಗಸೂಚಿ ಹೊರಡಿಸಿದೆ. ದೂರುಗಳಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ರಸೀದಿ ಇಲ್ಲದೆ ಹಣ ಕೊಟ್ಟಿದ್ದರೆ ದೂರು ನಿಲ್ಲುವುದು ಕಷ್ಟ. ಮನೆಯಲ್ಲಿದ್ದೇ ಓದುವವರಿಗಾಗಿ ಕೇಂದ್ರ ಸರ್ಕಾರದ ‘ಸಾಥಿ’ ತಾಣವು 2023ರಲ್ಲಿ ಆರಂಭವಾಗಿದ್ದು, ಐಐಟಿ ಕಾನ್ಪುರದ ಸಹಯೋಗದಲ್ಲಿ ಪಾಠ ಹಾಗೂ ಮಾದರಿ ಪರೀಕ್ಷೆಗಳನ್ನು ಉಚಿತವಾಗಿ ನೀಡುತ್ತದೆ.

ಪೋಷಕರಿಗೆ ಇನ್ನೊಂದು ವಿಷಯ. ಜೊತೆಯವರೆಲ್ಲ ಕಾಲೇಜು ಸೇರಿದ ಮೇಲೆ ಒಂಟಿಯಾಗಿ ಮನೆಯಲ್ಲೋ ಪರಊರಿನ ಕೋಣೆಯಲ್ಲೋ ಕುಳಿತು ಅದೇ ಪುಸ್ತಕವನ್ನು ಮತ್ತೆ ಓದುವುದು ಸುಲಭವಲ್ಲ. 98 ಬಂದಾಗ ಉಳಿದ ಎರಡು ಅಂಕ ಎಲ್ಲಿ ಹೋಯಿತೆಂದು ಕೇಳುವ ಮನೆಗಳಲ್ಲಿ ಅದು ಇನ್ನೂ ಕಷ್ಟ. ಊಟ, ನಿದ್ರೆ, ಮಾತು ಕಡಿಮೆಯಾದುದು ಕಂಡುಬಂದರೆ ಪರೀಕ್ಷೆ ಮುಗಿಯಲಿ ಎಂದು ಕಾಯಬಾರದು. ಟೆಲಿ-ಮಾನಸ್ ಸಹಾಯವಾಣಿ 14416, 2022ರ ಅಕ್ಟೋಬರ್‌ನಲ್ಲಿ ಆರಂಭವಾಗಿದ್ದು, ದಿನದ 24 ಗಂಟೆಯೂ ಉಚಿತವಾಗಿ ಲಭ್ಯವಿದೆ, ಕನ್ನಡದಲ್ಲಿ ಮಾತನಾಡಬಹುದು. ಅಭ್ಯರ್ಥಿಯ ಪರವಾಗಿ ತಂದೆ ತಾಯಿಯೂ ಕರೆ ಮಾಡಬಹುದು.

ಅರ್ಜಿ ದಿನಾಂಕ, ಶುಲ್ಕ ಮತ್ತು ಸೀಟು ಹಂಚಿಕೆಯ ಸುತ್ತುಗಳ ವಿವರ ಪ್ರತಿ ವರ್ಷ ಬದಲಾಗುವುದರಿಂದ ಅವುಗಳನ್ನು ಇಲ್ಲಿ ನೀಡಿಲ್ಲ. ಆ ಸಾಲಿನ ಅಧಿಕೃತ ಅಧಿಸೂಚನೆಯನ್ನೇ ನೋಡತಕ್ಕದ್ದು.